ಬಿಲ್ವಪತ್ರೆ ಇಟ್ಟ ಪುಟ

ನಮ್ಮ ಮನೆಯ ನೆಲವೇ ನಮಗೆ ಪಾಟಿ, ಬರೆಯುವ ಹಲಗೆ. ಶಹಾಬಾದದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನೆಲ ಫರ್ಸಿ ಕಲ್ಲಿನದು, ಗೋಡೆ ಫರ್ಸಿಯದು, ತಲೆಯ ಮೇಲಿನ ಮಾಳಿಗೆಯೂ ಫರ್ಸಿ ಹಾಸಿದ್ದೇ. ಬೇಸಿಗೆಯ ಮಧ್ಯಾಹ್ನ ಮನೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಚಳಿಗಾಲದ ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿ ಜುಮ್ಮೆನ್ನುತ್ತಿತ್ತು. ಹೊರಗೆ ಪಡಸಾಲೆ, ಒಳಗೆ ಅಡುಗೆಮನೆ, ನಡುವಿನ ಗೋಡೆಯಲ್ಲಿ ದೇವರ ಜಗಲಿ, ಹಿಂದೆ ಬಚ್ಚಲು, ಬಚ್ಚಲ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಇಷ್ಟೇ ಮನೆ. ಅಪ್ಪ ಫರ್ಸಿಗೆ ಪಾಲಿಶ್ ಹಿಡಿಯುವ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಸಂಜೆ ಬರುವಾಗ ಕಲ್ಲಿನ ಕೆಸರು ಮೈಮೇಲೆ ಒಣಗಿ, ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಬೂದಿ ಬಣ್ಣವಾಗಿರುತ್ತಿತ್ತು. ಅವ್ವ ಬಿಸಿನೀರು ಕೊಟ್ಟು, ಅವನು ತೊಳೆದುಕೊಂಡು ಬಂದ ಮೇಲೆಯೇ ಅವನು ನಮ್ಮ ಅಪ್ಪನಾಗುತ್ತಿದ್ದ. ಆ ಹೊತ್ತಿಗೆ ನಾನೂ ಅಣ್ಣ ಬಸವರಾಜನೂ ಪಡಸಾಲೆಯ ನೆಲದ ತುಂಬ ಬಳಪದಿಂದ ಬರೆದು ಮುಗಿಸಿರುತ್ತಿದ್ದೆವು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣನ ಅಕ್ಷರಗಳು ನೋಡುವಂತಿದ್ದವು. ರಂಗೋಲಿ ಎಳೆದ ಹಾಗೆ ದುಂಡಗೆ, ದೊಡ್ಡದಾಗಿ, ನಾನು ಬರೆದದ್ದನ್ನೇ ನೋಡಿ ನನಗಿಂತ ಚಂದ ಬರೆಯುತ್ತಿದ್ದ. ಅವು ಏನು ಎಂದು ಮಾತ್ರ ನಾನು ಕೇಳಿರಲಿಲ್ಲ. ಕೇಳುವುದು ಏನಿದೆ ಅಂದುಕೊಂಡಿದ್ದೆ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ಅವನಿಗೆ ಓದಿನ ಮೇಲೆ ದೇವರ ಮೇಲಿರುವಷ್ಟು ಭಯ, ಭಕ್ತಿ. ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಕಿರಾಣಿ ಅಂಗಡಿಯಿಂದ ಬೆಲ್ಲವೋ ಖಾರದಪುಡಿಯೋ ಕಟ್ಟಿಕೊಂಡು ಬಂದ ಹಳೆಯ ಪೇಪರಿನ ತುಂಡನ್ನು ಅವ್ವ ಎಸೆಯುವಂತಿರಲಿಲ್ಲ. ಸಂಜೆ ತಾಟಿಗೆ ರೊಟ್ಟಿ ಬೀಳುವ ಮೊದಲು ಅಪ್ಪ ಅದನ್ನು ನೆಲದ ಮೇಲೆ ಹರವಿ, ಅಂಗೈಯಿಂದ ನೆರಿಗೆ ತಿಕ್ಕಿ, ಅಣ್ಣನ ಮುಂದೆ ಸರಿಸುತ್ತಿದ್ದ.

"ಓದಪಾ ಬಸ್ಯಾ. ಇವತ್ತೇನ್ ಬರ್ದಾರ?"

ಅಣ್ಣ ಕಾಗದದ ಮೇಲೆ ಬೆರಳಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ವಾಡಿ ಸ್ಟೇಷನ್ನಿನ ಹತ್ತಿರ ಒಂದು ಎಮ್ಮೆ ಒಂದೇ ಸಲಕ್ಕ ಮೂರು ಕರ ಹಾಕ್ಯಾದ. ಮೂರೂ ಬೆಳ್ಳಗ ಅವ."

"ಎಮ್ಮಿಗಿ ಬಿಳೇ ಕರ?"

"ಹಂಗಂತ ಬರ್ದಾರಪ್ಪಾ. ನೋಡ್ಲಿಕ್ಕ ಮಂದಿ ಸೇಡಂದಿಂದ ಬರ್ಲಿಕತ್ತಾರಂತ."

ಅಪ್ಪ ಬೆರಗಾಗಿ ತಲೆ ಅಲ್ಲಾಡಿಸುತ್ತಿದ್ದ. ಮರುದಿನ ಶೆಡ್ಡಿನಲ್ಲಿ ಅದನ್ನು ಎಲ್ಲರಿಗೂ ಹೇಳುತ್ತಿದ್ದ. "ಶರಣಪ್ಪನ ಮನಿಗಿ ಬರೋ ಸುದ್ದಿ ಬ್ಯಾರೆ ಯಾರ ಮನಿಗೂ ಬರಂಗಿಲ್ಲ" ಎಂದು ಶೆಡ್ಡಿನವರು ನಗುತ್ತಿದ್ದರಂತೆ. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಒಂದು ಸಂಜೆ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಅಣ್ಣನ ಹಿಂದಿನಿಂದ ಹೋಗುವಾಗ ನಾನು ಆ ಕಾಗದವನ್ನು ನೋಡಿದೆ. ಅಣ್ಣ ಚಿತ್ತಾಪುರದ ಒಬ್ಬ ಮುದುಕಿಗೆ ಮತ್ತೆ ಹಲ್ಲು ಬಂದ ಸುದ್ದಿ ಓದುತ್ತಿದ್ದ. ಕಾಗದದಲ್ಲಿ ಇದ್ದದ್ದು ಹೊಲಕ್ಕೆ ಹೊಡೆಯುವ ಔಷಧದ ಜಾಹೀರಾತು. ಅದೂ ತಲೆಕೆಳಗಾಗಿ ಇತ್ತು.

ಮರುದಿನ ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವನನ್ನು ಹಿಡಿದು ಕೇಳಿದೆ. ಮೊದಲು ಹೊಡೆಯಲು ಬಂದ. ಆಮೇಲೆ ಕಲ್ಲಿನ ಮೇಲೆ ಕುಳಿತ. ಅವನು ಆವತ್ತು ಹೇಳಿದ ಮಾತನ್ನು ನಾನು ಮರೆತಿಲ್ಲ, ಏಕೆಂದರೆ ಅದಕ್ಕಿಂತ ಸ್ಪಷ್ಟವಾಗಿ ಆಮೇಲೆ ಯಾವ ಡಾಕ್ಟರೂ ನನಗೆ ಹೇಳಲಿಲ್ಲ.

"ಒಂದೊಂದು ಅಕ್ಷರ ಕೇಳು, ಹೇಳ್ತೀನಿ. ಅದೂ ಮ, ವ ಬಂದ್ರ ತಪ್ತದ. ಕೂಡ್ಸಿ ಓದಂದ್ರ, ಹಿಂದಿನ ಅಕ್ಷರಕ್ಕ ಬರೋದ್ರಾಗ ಮುಂದಿಂದು ಹೋಗಿರ್ತದ. ಮತ್ತ ಮೊದಲಿಂದ ಹಿಡೀತೀನಿ. ಮತ್ತ ಹೋಗ್ತದ. ಕೆಳಗ ಒತ್ತು ಕೊಟ್ಟಿದ್ರಂತೂ ಮುಗೀತು. ನಿನಗ ಹಂಗ ಆಗಂಗಿಲ್ಲೇನು?"

"ಇಲ್ಲ."

"ಯಾರಿಗೂ ಆಗಂಗಿಲ್ಲೇನು?"

ನನಗೆ ಗೊತ್ತಿಲ್ಲ ಎಂದೆ. ಅವನು ಯಾರಿಗೂ ಹೇಳಬೇಡ ಎಂದ. ನಾನು ಕೇಳಿದ್ದು ಅವನ ಪಾಲಿನ ಬೆಲ್ಲ. ರೊಟ್ಟಿಯ ಜೊತೆ ಅವ್ವ ಇಬ್ಬರಿಗೂ ಒಂದೊಂದು ಚೂರು ಬೆಲ್ಲ ಕೊಡುತ್ತಿದ್ದಳು. ಅವನ ಚೂರು ಯಾವಾಗಲೂ ತುಸು ದೊಡ್ಡದಿರುತ್ತಿತ್ತು. ಅವತ್ತಿನಿಂದ ಅದು ನನ್ನದಾಯಿತು. ಬದಲಿಗೆ ನಾನು ಅವನ ಶಾಲೆಯ ಪಾಠವನ್ನು ಬೆಳಿಗ್ಗೆ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟು ಬಟ್ಟೆ ಒಗೆಯುತ್ತ ಜೋರಾಗಿ ಓದುತ್ತಿದ್ದೆ. ಅವನು ಕೊಡ ತುಂಬಿಸುತ್ತ, ಎಮ್ಮೆಗೆ ಮೇವು ಹಾಕುತ್ತ ಕೇಳುತ್ತಿದ್ದ. ಎರಡು ಸಲ ಕೇಳಿದರೆ ಸಾಕು, ಇಡೀ ಪಾಠ ಅವನ ನಾಲಿಗೆಯ ಮೇಲೆ ಇರುತ್ತಿತ್ತು. ಓದುತ್ತಿದ್ದ ನನಗೇ ಹಾಗೆ ನಿಲ್ಲುತ್ತಿರಲಿಲ್ಲ. ಅವ್ವ ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದಳು, "ನೋಡ್ರವ್ವಾ, ಅಣ್ಣಾ ತಂಗಿ ಕೂಡೇ ಓದ್ಲಿಕತ್ತಾವ. ಯಾರ ದೃಷ್ಟಿ ತಾಕದಿರ್ಲಿ."

ಬೆಲ್ಲಕ್ಕಾಗಿ ಅಷ್ಟೇ ಮಾಡಿದೆ ಎಂದು ಬಹಳ ವರ್ಷ ನಾನೇ ನನಗೆ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ಮನೆಯಲ್ಲಿ ಹೊಸ ಅಂಗಿ ಅಣ್ಣನಿಗೆ, ಹಾಲಿನ ಕೆನೆ ಅಣ್ಣನಿಗೆ, ಅಪ್ಪನ ಪಕ್ಕದ ಜಾಗ ಅಣ್ಣನಿಗೆ. ಆ ಅಣ್ಣನಿಗೆ ನಾನು ಬೇಕಾಗಿದ್ದೆ. ನಾನು ಓದದಿದ್ದರೆ ಅವನ ದಿನ ನಡೆಯುತ್ತಿರಲಿಲ್ಲ. ಈ ಒಂದು ಸುಖವನ್ನು ಯಾರಿಗೂ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಬಿಟ್ಟುಕೊಡುವ ಒಂದು ಅವಕಾಶ ಬಂದಿತ್ತು. ನಾನು ಐದನೆಯ ತರಗತಿ, ಅಣ್ಣ ಏಳನೆಯದು, ಇಬ್ಬರದೂ ಒಂದೇ ಶಾಲೆ. ಸೇಡಂ ಕಡೆಯಿಂದ ಒಬ್ಬ ಹೊಸ ಮಾಸ್ತರರು ಬಂದಿದ್ದರು. ಹೊಡೆಯುತ್ತಿರಲಿಲ್ಲ, ಅದಕ್ಕೇ ಹುಡುಗರು ಅವರನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು.

"ನೀ ಬಸವರಾಜನ ತಂಗಿ ಅಲ್ಲೇನು? ಒಂದು ಮಾತ ಕೇಳ್ತೀನಿ, ಹೆದರಬ್ಯಾಡ. ನಿಮ್ಮಣ್ಣ ಬಾಯಿಲೇ ಕೇಳಿದ್ರ ಎಲ್ಲಾ ಹೇಳ್ತಾನ. ಹಲಗಿ ಮ್ಯಾಲಿಂದು ಓದಂದ್ರ ನೆಲಾ ನೋಡ್ತಾನ. ಮನ್ಯಾಗ ಓದ್ತಾನೇನವ್ವಾ? ಓದೂಮುಂದ ಅವನಿಗಿ ಏನಾರ ತ್ರಾಸ ಆಗ್ತದೇನು?"

ಅವರು ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ನನ್ನ ಎತ್ತರಕ್ಕೆ ಬಗ್ಗಿ ಕೇಳಿದ್ದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಣ್ಣ ಹೇಳಿದ ಮಾತು ಪೂರ್ತಿಯಾಗಿ ನನ್ನ ಬಾಯಲ್ಲಿತ್ತು.

"ಓದ್ತಾನ್ರಿ ಸರ್. ಅಪ್ಪನ ಮುಂದ ದಿನಾ ಪೇಪರ್ ಓದ್ತಾನ್ರಿ. ಸಾಲ್ಯಾಗ ಅವನಿಗಿ ಸೊಕ್ಕು, ಅದಕ್ಕ."

ಮಾಸ್ತರರು ನೆಟ್ಟಗಾದರು. "ಸೊಕ್ಕೇನು," ಎಂದರು. "ಹಂಗಾದ್ರ ಬಿಡು." ಅಂದಿನಿಂದ ಅವರೂ ಅಣ್ಣನನ್ನು ಓದಲು ಕೇಳುವುದನ್ನು ಬಿಟ್ಟರು. ಅಣ್ಣ ಒಂದು ಸಂಜೆ ನಗುತ್ತ ಹೇಳಿದ, "ಸೇಡಂ ಸರ್ ಭಾಳ ಚಲೋ ಆಗ್ಯಾರ. ನನ್ನ ಕಡಿ ನೋಡೋದೇ ಇಲ್ಲ." ನಾನು ಬೆಲ್ಲ ಕಡಿದೆ.

ಆ ವರ್ಷ ಶ್ರಾವಣದಲ್ಲಿ ಪುರಾಣ ನಮ್ಮ ಮನೆಗೂ ಬಂತು. ನಮ್ಮ ಓಣಿಯ ಪದ್ಧತಿ ಹೀಗೆ: ಮಠದಿಂದ ಶರಣರ ಪುರಾಣದ ಪುಸ್ತಕ ಬರುತ್ತದೆ, ಮನೆಯಿಂದ ಮನೆಗೆ ಹೋಗುತ್ತದೆ, ಒಂದೊಂದು ಮನೆಯಲ್ಲಿ ಕೆಲವು ದಿನ ಇರುತ್ತದೆ. ಹಗಲೆಲ್ಲ ದೇವರ ಜಗಲಿಯ ಮೇಲೆ ಪೂಜೆಗೊಂಡು ಕೂತಿರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಓಣಿಯ ಮಂದಿ ಸೇರುತ್ತಾರೆ, ಹಿರಿಯರೊಬ್ಬರು ಓದುತ್ತಾರೆ. ನಾವು ಅವರನ್ನು ಸ್ವಾಮೇರು ಎನ್ನುತ್ತಿದ್ದೆವು. ಓದು ನಿಲ್ಲಿಸಿದ ಕಡೆ ಸ್ವಾಮೇರು ಪೂಜೆಯ ಒಂದು ಬಿಲ್ವಪತ್ರೆಯನ್ನು ಗುರುತಿಗೆ ಇಟ್ಟು ಪುಸ್ತಕ ಮುಚ್ಚುತ್ತಿದ್ದರು. ಮರುದಿನ ಆ ಪತ್ರೆ ಇದ್ದಲ್ಲಿಂದಲೇ ಓದು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಪುಸ್ತಕ ಒಂದು ಮನೆ ಬಿಟ್ಟು ಹೊರಡುವ ಸಂಜೆ ಮಾತ್ರ ಆ ಮನೆಯ ಮಗ ಒಂದು ಪುಟ ಓದಬೇಕು. ಓದಿದರೆ ಮನೆಗೆ ವಿದ್ಯೆ ಬಂದು ನೆಲೆಸುತ್ತದೆ ಎಂದು ನಂಬಿಕೆ. ಅಪ್ಪ ಆ ಸಂಜೆಗಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದನೋ. ಬೇರೆಯವರ ಮನೆಯ ಬಾಗಿಲ ಹತ್ತಿರ ನಿಂತು ಬೇರೆಯವರ ಮಕ್ಕಳು ಓದುವುದನ್ನು ಕೇಳಿ ಬಂದವನು ಅವನು.

ಹಿಂದಿನ ಸಂಜೆ ಸ್ವಾಮೇರು ಪತ್ರೆ ಇಟ್ಟ ಪುಟವನ್ನು ನಮಗೆ ತೋರಿಸಿ, "ನಾಳೆ ಇಲ್ಲಿಂದ ನೀ ಓದು ತಮ್ಮಾ" ಎಂದು ಅಣ್ಣನ ತಲೆ ಸವರಿ ಹೋದರು. ಮರುದಿನ ಬೆಳಿಗ್ಗೆ ಅವ್ವ ಹೂವು ತರಲು ಹೋದಾಗ ನಾನು ಜಗಲಿಯ ಮುಂದೆ ನಿಂತು ಆ ಪುಟವನ್ನು ಓದಿದೆ. ಶರಣರೊಬ್ಬರು ತುಂಬಿದ ಹೊಳೆ ದಾಟುವ ಪ್ರಸಂಗ. ಅಣ್ಣ ಕೈಕಟ್ಟಿ ಕೇಳಿದ. ಎರಡನೆಯ ಸಲ ನನ್ನ ಜೊತೆಗೇ ಹೇಳಿದ. ಮೂರನೆಯ ಸಲ ನಾನು ಬಾಯಿ ಮುಚ್ಚಿದೆ, ಅವನೊಬ್ಬನೇ ಹೇಳಿ ಮುಗಿಸಿದ. ಯಾವ ಶಬ್ದಕ್ಕೆ ಬೆರಳು ಎಲ್ಲಿರಬೇಕು ಎಂಬುದನ್ನೂ ನಾನೇ ಕಲಿಸಿದೆ.

ಅದೇ ಮಧ್ಯಾಹ್ನ ಅವ್ವ ಹುಗ್ಗಿಗೆ ಗೋಧಿ ಕುಟ್ಟುತ್ತ, ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು.

"ಗಂಗೀನ್ನ ಇನ್ ಸಾಲಿ ಬಿಡಸ್ತೀವ್ರೆವ್ವಾ. ನಾನೂ ಶೆಡ್ಡಿಗಿ ಹೋಗ್ತೀನಿ, ಮನ್ಯಾಗ ಯಾರರ ಬೇಕಲ್ಲ. ಬಸ್ಯಾ ಹೈಸ್ಕೂಲಿಗಿ ಹೋಗ್ತಾನ. ಮನಿಗೊಬ್ಬರು ಓದಿದ್ರ ಸಾಕು. ಅಂವ ಹ್ಯಾಂಗ ಓದ್ತಾನಂತ ಇವತ್ತ ಸಂಜಿಗಿ ಬಂದು ಕೇಳ್ರಿ."

ಆ ಗಂಗಿ, ನಾನು, ಬಾಗಿಲ ಮರೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದೆ. ಅವನ ಓದು ನನ್ನದು. ನನ್ನ ಓದನ್ನು ಅವನ ಬಾಯಲ್ಲಿ ಕೇಳಿ, ಅವನನ್ನು ಕಳಿಸಿ ನನ್ನನ್ನು ನಿಲ್ಲಿಸುತ್ತಿದ್ದರು. ಬಲೆ ನೇಯ್ದವಳು ನಾನೇ ಎಂಬುದು ಆಗ ಹೊಳೆಯಲಿಲ್ಲ. ಹೊಟ್ಟೆಯಲ್ಲಿ ಉರಿ ಮಾತ್ರ ಇತ್ತು. ಬತ್ತಿ ಇಡುವ ನೆಪದಲ್ಲಿ ಜಗಲಿಯ ಹತ್ತಿರ ಹೋದೆ. ಪುಸ್ತಕ ತೆರೆದು ಪತ್ರೆಯನ್ನು ತೆಗೆದು ಇನ್ನಷ್ಟು ಹಾಳೆಗಳ ಮುಂದೆ ಇಟ್ಟು ಮುಚ್ಚಿದೆ.  ಬತ್ತಿಯನ್ನು ದೀಪದಲ್ಲಿ ಇಟ್ಟು ಬಂದೆ.

ಸಂಜೆ ಪಡಸಾಲೆ ತುಂಬಿತು. ಅಪ್ಪ ತೊಳೆದ ಧೋತರ ಉಟ್ಟು ವಿಭೂತಿ ಹಚ್ಚಿಕೊಂಡು, ಬಂದವರಿಗೆಲ್ಲ "ಬರ್ರಿ, ಕುಂದ್ರಿ" ಎನ್ನುತ್ತ ನಿಂತೇ ಇದ್ದ. ಸ್ವಾಮೇರಿಗೆ ಕಣ್ಣು ಮಂಜು. ಪತ್ರೆ ಇದ್ದಲ್ಲಿ ಪುಸ್ತಕ ಬಿಚ್ಚಿ ಅಣ್ಣನ ಮುಂದಿನ ಪೀಠದ ಮೇಲೆ ಇಟ್ಟರು. ಅಣ್ಣ ಕೈಮುಗಿದು ಬೆರಳಿಟ್ಟು ಶುರುಮಾಡಿದ. ಎಂಥ ದನಿ ಅವನದು. ಹೊಳೆ ಉಕ್ಕಿದ್ದು, ಶರಣರು ದಡದಲ್ಲಿ ನಿಂತದ್ದು, ಅಂಬಿಗ ಆಗುವುದಿಲ್ಲ ಎಂದದ್ದು, ಒಂದು ಅಕ್ಷರವೂ ಎಡವದೆ ಬರುತ್ತಿತ್ತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಸ್ವಾಮೇರು ಕನ್ನಡಕ ಏರಿಸಿಕೊಂಡು ಸುಮ್ಮನೆ ಪುಸ್ತಕದ ಕಡೆ ಬಗ್ಗಿದರು. ಇನ್ನೂ ಬಗ್ಗಿದರು. ಆಮೇಲೆ ಅಣ್ಣನ ಬೆರಳಿನ ಮೇಲೆ ತಮ್ಮ ಕೈ ಇಟ್ಟರು.

"ತಮ್ಮಾ, ನೀ ಹೇಳೋದು ಬರೋಬ್ಬರಿ ಅದ. ಖರೇ ಈ ಪುಟದಾಗ ಅದಿಲ್ಲ. ಇಲ್ಲೇನದ, ಓದು ನೋಡಮು."

ಅಣ್ಣ ಪುಟ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ದೀಪದ ಕಡೆ ನೋಡಿದೆ.  ಕೊನೆಗೆ ಹಿಂದಿನಿಂದ ಶೆಡ್ಡಿನ ಹಣಮಂತ ಕಾಕಾ ಅಂದ, "ಶರಣಪ್ಪಾ, ಮಗಾ ಅಂತಿದ್ದಿ. ಗಿಳಿ ಸಾಕೀಯಲ್ಲೋ." ಯಾರೋ ಮುಸುಮುಸು ನಕ್ಕರು. ಇನ್ಯಾರೋ, "ಎಮ್ಮಿ ಬಿಳೇ ಕರ ಹಾಕಿದ್ದೂ ಇದೇ ಪೇಪರಿನ್ಯಾಗೇನು?" ಎಂದರು. ಆಗ ಎಲ್ಲರೂ ನಕ್ಕರು. ಸ್ವಾಮೇರು ಹಿಂದಿನ ಹಾಳೆ ಹುಡುಕಿ ತಾವೇ ಓದಿ ಮುಗಿಸಿದರು. ಅವ್ವ ಮಾಡಿದ ಹುಗ್ಗಿಯನ್ನು ಮಂದಿ ಬೇಗ ಬೇಗ ಉಂಡು ಎದ್ದರು.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು. ಅವನ ಲೆಕ್ಕ ಬೇರೆಯೇ ಇತ್ತು. "ಇಷ್ಟು ಬಾಯಿಪಾಠ ಮಾಡೋ ತಲಿಗಿ ಓದ್ಲಿಕ್ಕ ಬರಂಗಿಲ್ಲಂದ್ರ ಯಾರು ನಂಬ್ತಾರ? ಬರ್ತದ, ಮಾಡಂಗಿಲ್ಲ. ಮೈಗಳ್ಳ." ಇಷ್ಟು ಬುದ್ಧಿ ಇದ್ದವನಿಗೆ ಓದು ಬಾರದೆ ಇರಲು ಸಾಧ್ಯವೇ ಇಲ್ಲ ಎಂಬುದೇ ಆ ಮನೆಯವರಿಗೆ, ಆ ಓಣಿಯವರಿಗೆ ಸಿಕ್ಕ ಸಾಕ್ಷಿ. ಅವನ ಜಾಣತನವೇ ಅವನಿಗೆ ಮುಳುವಾಯಿತು. ಅವ್ವನ ನಂಬಿಕೆ ಬೇರೆ: ಯಾರೋ ನಾಲಿಗೆ ಕಟ್ಟಿದ್ದಾರೆ. ಅವನನ್ನು ಸನ್ನತಿಗೆ ಕರೆದುಕೊಂಡು ಹೋಗಿ ಭೀಮೆಯಲ್ಲಿ ಮುಳುಗಿಸಿ, ದೇವಿಯ ಮುಂದೆ ನಾಲಿಗೆಗೆ ತೀರ್ಥ ಹಾಕಿಸಿ ಬಂದಳು. ಬಜೆಯನ್ನು ಜೇನಿನಲ್ಲಿ ತೇಯ್ದು ತಿನ್ನಿಸಿದಳು. ಆ ನಾಲಿಗೆಗೆ ಏನೂ ಆಗಿರಲಿಲ್ಲ ಎಂದು ಗೊತ್ತಿದ್ದ ನಾನು ತೇಯುವ ಕಲ್ಲಿಗೆ ನೀರು ಹಾಕುತ್ತ ಪಕ್ಕದಲ್ಲೇ ಕೂತಿದ್ದೆ. ಕೊನೆಗೆ ಅಪ್ಪ ಅಣ್ಣನನ್ನು ಶೆಡ್ಡಿಗೆ ಕರೆದುಕೊಂಡು ಹೋದ. ಸಂಜೆ ಇಬ್ಬರು ಬೂದಿ ಬಣ್ಣದವರು ಮನೆಗೆ ಬರತೊಡಗಿದರು. ನನ್ನ ಶಾಲೆಯೂ ನಿಂತಿತು. "ಈ ಮನ್ಯಾಗ ಓದು ಮುಗೀತು" ಎಂದು ಅಪ್ಪ ಇಬ್ಬರ ಪುಸ್ತಕಗಳನ್ನೂ ಕಟ್ಟಿ ಅಟ್ಟಕ್ಕೆ ಎಸೆದ. ಕಿರಾಣಿ ಕಟ್ಟಿದ ಕಾಗದ ಆಮೇಲೆ ನೇರ ಒಲೆಗೆ ಹೋಗುತ್ತಿತ್ತು. ಒಲೆಗೆ ಹಾಕುವ ಮೊದಲು ನಾನು ಓದುತ್ತಿದ್ದೆ. ನನ್ನ ಓದು ಉಳಿದದ್ದು ಹಾಗೆ. ಅಣ್ಣ ನನ್ನನ್ನು ಏನೂ ಕೇಳಲಿಲ್ಲ. ಸ್ವಾಮೇರು ಕಣ್ಣು ಕಾಣದೆ ಸಂಜೆ ತಪ್ಪು ಪುಟ ತೆರೆದಿದ್ದರು ಎಂದೇ ಅವನು ನಂಬಿದ. ಬೆಲ್ಲದ ಚೂರನ್ನು ರೂಢಿಯಂತೆ ನನ್ನ ತಾಟಿಗೆ ಸರಿಸಿದ. ನಾನು ಅದನ್ನು ಎಮ್ಮೆಗೆ ಹಾಕಿದೆ.

ನನ್ನನ್ನು ವಾಡಿಗೆ ಕೊಟ್ಟರು. ಅಣ್ಣ ಶಹಾಬಾದದಲ್ಲೇ ಉಳಿದ, ಮದುವೆಯಾದ, ಮಕ್ಕಳಾದವು. ಸಹಿಯನ್ನು ಚಿತ್ರ ಬರೆದ ಹಾಗೆ ಬರೆಯುವುದನ್ನು ಕಲಿತ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ಎಲ್ಲದರ ಮುಂದೆಯೂ "ಕನ್ನಡಕ ಮನ್ಯಾಗ ಬಿಟ್ ಬಂದೀನಿ" ಎನ್ನುವುದನ್ನು ಕನ್ನಡಕದ ವಯಸ್ಸಿಗೆ ಮೊದಲೇ ಕಲಿತ. ಅವ್ವ ಕಾಯಿಲೆ ಬಿದ್ದು ತವರೂರು ಕೊಡ್ಲಿಗೆ ಹೋಗಿ ಅಲ್ಲಿಯೇ ತೀರಿಕೊಂಡಳು. ಅಣ್ಣ ವಾಡಿ ಜಂಕ್ಷನ್ನಿನಲ್ಲಿ ಇಳಿದು ಸೇಡಂ ಕಡೆಯ ಗಾಡಿ ಹತ್ತಬೇಕಿತ್ತು. ಅವನು ರಾಯಚೂರಿನ ಗಾಡಿ ಹತ್ತಿದ. ಬೋರ್ಡು ಓದಲು ಬರಲಿಲ್ಲ, ಕೇಳಲು ಬಾಯಿ ಬರಲಿಲ್ಲ. ಅವನು ಕೊಡ್ಲಿಗೆ ಬರುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಮಂದಿ ಕೈ ತೊಳೆದುಕೊಂಡಿದ್ದರು. ಕುಡಿದು ಎಲ್ಲೋ ಬಿದ್ದಿದ್ದ ಎಂದರು. ಅವನು ಎಂದೂ ಕುಡಿದವನಲ್ಲ. ಆದರೂ ಹೌದೆಂದು ತಲೆ ಆಡಿಸಿದ. ಓದು ಬರುವುದಿಲ್ಲ ಎನ್ನುವುದಕ್ಕಿಂತ ಕುಡುಕ ಎನಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತ್ತು. ನಾನು ಎದುರಿಗೇ ನಿಂತಿದ್ದೆ.

ಈಗ ಅದೇ ಮನೆಯಲ್ಲಿ ಅಣ್ಣನ ಮೊಮ್ಮಗಳು ಸ್ನೇಹಾ ಇದ್ದಾಳೆ. ನಾಲ್ಕನೆಯ ತರಗತಿ. ಕಳೆದ ವರ್ಷ ಪಂಚಮಿಗೆ ಹೋದಾಗ ಅವಳು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಪದ್ಯ ಓದುತ್ತಿದ್ದಳು. ನಾನು ಶೇಂಗಾ ಸುಲಿಯುತ್ತ ಕುಳಿತಿದ್ದವಳು ಕೈ ನಿಲ್ಲಿಸಿದೆ. ಅವಳ ಬೆರಳು ಮೂರನೆಯ ಸಾಲಿನಲ್ಲಿತ್ತು. ಮಾತು ಎರಡನೆಯ ಸಾಲಿನಲ್ಲಿತ್ತು. ಆ ಬೆರಳನ್ನು ನಾನು ಬಲ್ಲೆ.

"ಯಾರು ಓದಿ ಹೇಳ್ತಾರ ನಿನಗ?" ಎಂದು ಮೆಲ್ಲಗೆ ಕೇಳಿದೆ.

ಹುಡುಗಿ ಅಡುಗೆಮನೆಯ ಕಡೆ ನೋಡಿ, "ಮಮ್ಮಿ ಮೊಬೈಲಿನ್ಯಾಗ ಹಾಕ್ಕೊಂಡು ಕೇಳ್ತೀನಿ ಆಯಿ. ಹೇಳಬ್ಯಾಡ" ಎಂದಳು.

ಅವಳ ತಾಯಿ, ಅಣ್ಣನ ಸೊಸೆ ಮಹಾನಂದಾ, ಒಳಗಿನಿಂದಲೇ ಶುರುಮಾಡಿದಳು. "ಅದಕ್ಕೇ ಕೆಟ್ಟಾಳ್ರಿ ಅತ್ತಿ, ಮೊಬೈಲ್ ಹಿಡ್ದು ಹಿಡ್ದು. ಕೇಳಿದ್ರ ಪಟಾಪಟಾ ಹೇಳ್ತಾಳ, ಬರೀ ಅಂದ್ರ ಹೊಟ್ಟಿ ನೋಯ್ತದಂತಾಳ. ಮೊನ್ನೆ ಟೀಚರ್ ಮನೀಗೇ ಬಂದಿದ್ರು. ಅದೇನೋ ಡಿಸ್ಲೆಕ್ಸಿಯಾ ಇರಬಹುದು, ಕಲಬುರಗಿ ದವಾಖಾನಿಗಿ ತೋರಸ್ರಿ ಅಂದ್ರು. ಇದು ದಡ್ಡತನ ಅಲ್ಲ, ಕಲಿಸೋ ರೀತಿ ಬ್ಯಾರೆ ಅದ, ಪರೀಕ್ಷಾದಾಗ ಟೈಮ್ ಜಾಸ್ತಿ ಕೊಡ್ತಾರ ಅಂದ್ರು. ಮಾವಾರು ಬ್ಯಾಡಂತ ಕುಂತಾರ."

ಅಣ್ಣ ಹೊಸ್ತಿಲ ಮೇಲೆ ಕುಳಿತು ಕೆಮ್ಮುತ್ತಿದ್ದ. ಕಲ್ಲಿನ ಧೂಳು ಅವನ ಎದೆಯಲ್ಲಿ ಮನೆ ಮಾಡಿ ಬಹಳ ದಿನವಾಗಿತ್ತು.

"ದಡ್ಡಿ ಅಂತ ಡಾಕ್ಟರ್ ಕಡಿಂದ ಬರ್ಸ್ಕೊಂಡು ಬರ್ತೀರೇನು? ನಾಳೆ ಲಗ್ನಕ್ಕ ಕೇಳ್ಲಿಕ್ಕ ಬಂದವರ್ಗಿ ತೋರಸ್ತೀರೇನು ಅದನ್ನ? ನನ್ನ ಹಂಗ ಹುಟ್ಟ್ಯಾಳ. ನಮ್ಮ ರಕ್ತದಾಗ ಓದಿಲ್ಲ. ಸುಮ್ಮ ಬಿಡ್ರಿ, ಮನಿ ಕೆಲಸ ಕಲೀಲಿ."

ಅವನ ಆ ಕೊನೆಯ ಮಾತು ನನ್ನನ್ನು ಎಬ್ಬಿಸಿತು. ಇನ್ನೊಂದು ಹುಡುಗಿ, ಅದೇ ನೆಲ, ಅದೇ ಮಾತು. ಹೊಸ್ತಿಲ ಹತ್ತಿರ ಹೋಗಿ ಅವನ ಎದುರಿಗೆ ಕುಳಿತೆ.

"ಅಣ್ಣಾ, ಅವತ್ತ ಸ್ವಾಮೇರು ತಪ್ಪು ಪುಟ ತೆಗೆದಿದ್ದಿಲ್ಲ. ಪತ್ರಿ ನಾ ಸರಿಸಿದ್ದೆ."

ಯಾವ ಪತ್ರೆ, ಯಾವ ಸ್ವಾಮೇರು ಎಂದು ಅವನು ಕೇಳಲಿಲ್ಲ. ಇಷ್ಟು ವರ್ಷವಾದರೂ ಕೇಳಬೇಕಾಗಿರಲಿಲ್ಲ. ನಾನು ಹೇಳುತ್ತ ಹೋದೆ: ಅವ್ವನ ಮಾತು ಕೇಳಿದ್ದು, ಹೊಟ್ಟೆ ಉರಿದದ್ದು, ಬತ್ತಿಯ ನೆಪ. ಅವನು ರಸ್ತೆಯ ಕಡೆ ನೋಡುತ್ತಲೇ ಇದ್ದ. ಮಹಾನಂದಾ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಬೈಯಲಿ ಎಂದು ಕಾದೆ. ಅವನು ಕೇಳಿದ್ದು ಒಂದೇ ಮಾತು.

"ಆ ಪುಟದಾಗ ಏನಿತ್ತು?"

"ಯಾವ ಪುಟ?"

"ಸ್ವಾಮೇರು ಬೆರಳಿಟ್ಟು ಓದಂದ್ರಲ್ಲ, ಅದು. ಕನಸಿನ್ಯಾಗ ಅದೇ ಬರ್ತದ. ಓದ್ಲಿಕ್ಕ ಆಗಂಗಿಲ್ಲ. ಏನಿತ್ತದರಾಗ?"

 ನನಗೆ ಗೊತ್ತಿರಲಿಲ್ಲ. ಪತ್ರೆ ಇಟ್ಟಾಗ ನಾನು ಆ ಪುಟವನ್ನು ಓದಿಯೇ ಇರಲಿಲ್ಲ. ಓದು ಬರುತ್ತಿದ್ದ ನಾನು, ಅವನ ಇಡೀ ಜೀವನವನ್ನು ಇಟ್ಟ ಪುಟವನ್ನು ಒಂದು ಸಲ ನೋಡಲೂ ಇಲ್ಲ. ಪುಸ್ತಕ ಅದೇ ರಾತ್ರಿ ಬೇರೆ ಮನೆಗೆ ಹೋಯಿತು. ಅಲ್ಲಿ ಆ ಪುಟ ಓದಿದ ಸಂಜೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

"ನೋಡ್ಲಿಲ್ಲಣ್ಣಾ."

ಅವನು ಎದ್ದು ಒಳಗೆ ಹೋದ.  ಮರುದಿನ ಬೆಳಿಗ್ಗೆ ನಾನು ವಾಡಿಗೆ ಹೊರಡಲು ಚೀಲ ಕಟ್ಟುತ್ತಿದ್ದಾಗ ಅವನು ಬಿಳಿ ಧೋತರ ಉಟ್ಟು, ಹುಡುಗಿಗೆ ಎರಡು ಜಡೆ ಹಾಕಿಸಿ, ಬಾಗಿಲಲ್ಲಿ ನಿಂತಿದ್ದ. "ಕಲಬುರಗಿ ಬಸ್ಸಿನ ಬೋರ್ಡ್ ಓದೋರು ಯಾರರ ಬೇಕಲ್ಲ. ಬಾ" ಎಂದ. ಅಷ್ಟು ವರ್ಷದಲ್ಲಿ ಅವನು ಕನ್ನಡಕದ ನೆಪ ಹೇಳದೆ ಇದ್ದದ್ದು ಅದೇ ಮೊದಲು.

ದವಾಖಾನೆಯಲ್ಲಿ ಹುಡುಗಿಯನ್ನು ಬಹಳ ಹೊತ್ತು ಕೂರಿಸಿಕೊಂಡು ಓದಿಸಿದರು, ಬರೆಸಿದರು, ಕತೆ ಹೇಳಿಸಿದರು. ವಯಸ್ಸು ಚಿಕ್ಕದಿದ್ದ ಡಾಕ್ಟರಮ್ಮ ನಮ್ಮ ಕಡೆಯವರೇ. ಹೊರಗೆ ಬಂದು ಹೇಳಿದರು, "ಕಣ್ಣಿಂದು ತಪ್ಪಿಲ್ಲ, ಬುದ್ಧಿದೂ ತಪ್ಪಿಲ್ಲ. ಅಕ್ಷರ ಒಂದು ಕಡಿ, ಅದರ ಸಪ್ಪಳ ಒಂದು ಕಡಿ. ಎರಡಕ್ಕೂ ನಡುವ ದಾರಿ ಈಕಿಗಿ ನಿಧಾನಕ್ಕ ಕಟ್ಟಿಕೊಡಬೇಕು. ಬೈಬ್ಯಾಡ್ರಿ, ಹೊಡೀಬ್ಯಾಡ್ರಿ. ದಿನಾ ಸ್ವಲ್ಪ ಸ್ವಲ್ಪ." ಆಮೇಲೆ ಕೇಳಿದರು, "ಮನ್ಯಾಗ ಮತ್ತ್ಯಾರಿಗರ ಹಿಂಗಿತ್ತೇನ್ರಿ?"

ಅಣ್ಣ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ.

"ನನಗದ ರೀ. ಏನಾಗ್ತದಂತ ಈಕಿನ್ನ ಕೇಳ್ರಿ. ನಮ್ಮ ತಂಗಿ. ನನ್ನ ಓದು ಸಣ್ಣಾಂವಿದ್ದಾಗಿಂದ ಆಕೀದೇ."

ನಾನು ಹೇಳಿದೆ. ಮ, ವ, ಒತ್ತಕ್ಷರ, ಹಿಂದಿನದು ಹಿಡಿಯುವಷ್ಟರಲ್ಲಿ ಮುಂದಿನದು ಹೋಗುವುದು, ಎರಡು ಸಲ ಕೇಳಿದ್ದು ಎಂದೂ ಮರೆಯದೆ ಇರುವುದು. ಹೇಳುತ್ತ ಹೇಳುತ್ತ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ ಹುಡುಗನ ಮಾತು ಅವನದೇ ಶಬ್ದಗಳಲ್ಲಿ ಬಂತು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

"ಅಷ್ಟು ಸಣ್ಣಾಕಿ ಇದ್ದಾಗೇ ಇಷ್ಟೆಲ್ಲ ಗೊತ್ತಿತ್ತೇನ್ರಿ? ಯಾರಿಗೂ ಹೇಳಲಿಲ್ಲೇನು?"

 ಅಣ್ಣನೇ ಉತ್ತರ ಕೊಟ್ಟ.

"ಯಾರಿಗಿ ಹೇಳ್ತಾಳ್ರಿ ಪಾಪ. ಅವಾಗ ಕೇಳೋರರ ಯಾರಿದ್ರು?"

ಅವನು ಅದನ್ನು ನನ್ನ ಸಲುವಾಗಿ ಹೇಳಿದ. ನಿಜವೆಂದು ನಂಬಿ ಹೇಳಿದ. ನಾನು ತಲೆ ತಗ್ಗಿಸಿದೆ, ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಬೇವಿನ ಗಿಡದ ಕೆಳಗೆ ಬಗ್ಗಿ ನಿಂತಿದ್ದ ಸೇಡಂ ಮಾಸ್ತರರ ವಿಷಯ ಅವನಿಗೆ ಇಂದಿಗೂ ಗೊತ್ತಿಲ್ಲ. ಪತ್ರೆ ಸರಿಸಿದ್ದು ಒಂದು ಸಂಜೆಯ ಸಿಟ್ಟು. ಸಿಟ್ಟಿನಲ್ಲಿ ಮಕ್ಕಳು ಏನೇನೋ ಮಾಡುತ್ತವೆ. ಆದರೆ ಮಾಸ್ತರರು ಕೇಳಿದಾಗ ನನಗೆ ಸಿಟ್ಟಿರಲಿಲ್ಲ. ಕೇಳುವವರು ಒಬ್ಬರು ಇದ್ದರು, ಕೇಳಿದರು, ನಾನು ಸೊಕ್ಕು ಎಂದೆ.

ಸ್ನೇಹಾ ಈಗ ಸಂಜೆ ಪಡಸಾಲೆಯಲ್ಲಿ ಕೂರುತ್ತಾಳೆ. ಟೀಚರು ಹೇಳಿಕೊಟ್ಟಂತೆ ಒದ್ದೆ ಬೆರಳಿನಿಂದ ಫರ್ಸಿಯ ಮೇಲೆ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆಯುತ್ತ ಅದರ ಸಪ್ಪಳ ಹೇಳುತ್ತಾಳೆ. ನೀರು ಆರುವ ಮೊದಲು ಮುಂದಿನದನ್ನು ಕೂಡಿಸುತ್ತಾಳೆ. ಕೆಲವು ಸಲ ಕೂಡುತ್ತದೆ, ಕೆಲವು ಸಲ ಆರಿಹೋಗುತ್ತದೆ. ಮತ್ತೆ ಬೆರಳು ಅದ್ದುತ್ತಾಳೆ. ಅಣ್ಣ ಹೊಸ್ತಿಲ ಮೇಲಿನಿಂದ ನೋಡುತ್ತಿರುತ್ತಾನೆ. ಅವನೂ ಬೆರಳು ಅದ್ದುತ್ತಾನೋ ಎಂದು ನಾನು ಕಾಯುತ್ತೇನೆ. ಇನ್ನೂ ಅದ್ದಿಲ್ಲ.

ಈ ಬರಹವನ್ನು ಅವನು ಓದಲಾರ. ಯಾರಾದರೂ ಓದಿ ಹೇಳಬೇಕು. ಮುಂದಿನ ಸಲ ಶಹಾಬಾದಕ್ಕೆ ಹೋದಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವನನ್ನು ಕೂರಿಸಿ ನಾನೇ ಓದುತ್ತೇನೆ. ಬೇವಿನ ಗಿಡದ ಪುಟ ಬಂದಾಗ ಹಾರಿಸುವ ಆಸೆ ಆಗುತ್ತದೆ, ನನಗೆ ಗೊತ್ತು. ಅಣ್ಣನಿಗೆ ಹಾರಿಸಿದ್ದು ತಿಳಿಯುವುದೂ ಇಲ್ಲ. ಅದಕ್ಕೇ ಆ ಪುಟದಲ್ಲಿ ಇವತ್ತೇ ಒಂದು ಪತ್ರೆ ಇಟ್ಟು ಮುಚ್ಚಿದ್ದೇನೆ. ಅಲ್ಲಿಂದಲೇ ಓದಲು ಶುರುಮಾಡಬೇಕು.